ವರ್ಮಾಂಟಿನಲ್ಲಿ ಹಿಮದ ಸುಗ್ಗಿ

ರಾತ್ರಿ ಊಟ ಮುಗಿಸಿದ ಮೊಮ್ಮಗ ಮಲಗುವ ಅಂಗಿ, ಪಾಯಿಜಾಮಗಳನ್ನು ಒಳಹೊರಗು ಮಾಡಿ ತೊಟ್ಟುಕೊಂಡ. ಅಡಿಗೆಮನೆಯಿಂದ ಒಂದು ಚಮಚ ತಂದು ತಲೆದಿಂಬಿನ ಕೆಳಗಿಟ್ಟ. ಸಾಲದ್ದಕ್ಕೆ ಫ್ರೀಜರಿನಿಂದ ನಾಲ್ಕು ತುಂಡು ಮಂಜುಗಡ್ಡೆ ತೆಗೆದು ಕಕ್ಕಸಿಗೆ ಹಾಕಿ ನೀರು ಬಿಟ್ಟ.

"ಇದೇನೋ ವ್ರತ?" ಎಂದು ಕೇಳಿದೆ.

"ಹೀಗೆ ಮಾಡಿದ್ರೆ ನಾಳೆ ಸ್ನೋ ಡೇ ಆಗತ್ತೆ ಅಜ್ಜ. ನಮ್ಮ ಕ್ಲಾಸಲ್ಲಿ ಎಲ್ಲರೂ ಮಾಡ್ತಾರೆ" ಎಂದ ಒಂಬತ್ತು ವರ್ಷದ ಭಕ್ತ.

ಬೆಳಗಿನ ಜಾವ ಐದೂವರೆಗೆ ಮಗನ ಮೊಬೈಲು ಸದ್ದು ಮಾಡಿತು. ಶಾಲೆಯವರ ಸಂದೇಶ. ರಾತ್ರಿಯಿಡೀ ಹಿಮ ಬಿದ್ದಿದೆ, ರಸ್ತೆಗಳು ಸರಿಯಿಲ್ಲ, ಆದ್ದರಿಂದ ಇವತ್ತು ಶಾಲೆಗೆ ರಜೆ. ನನಗೆ ನಮ್ಮ ಸಾಗರದ ಜುಲೈ ತಿಂಗಳು ನೆನಪಾಯಿತು. ಅಲ್ಲಿಯೂ ಮಕ್ಕಳು ಹೀಗೆಯೇ ಜಿಲ್ಲಾಧಿಕಾರಿಗಳ ಮಳೆ ರಜೆಯ ಆದೇಶಕ್ಕೆ ಕಾಯುತ್ತಾರೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನಾನೂ ಕಾಯುತ್ತಿದ್ದೆನೆಂದು ಈಗ ಒಪ್ಪಿಕೊಂಡರೆ ತಪ್ಪಿಲ್ಲ. ಚಮಚ ಇಟ್ಟು ಮಲಗುತ್ತಿರಲಿಲ್ಲ, ಅಷ್ಟೆ.

ಆದರೆ ಒಂದು ವ್ಯತ್ಯಾಸ ಅರ್ಧ ಗಂಟೆಯೊಳಗೆ ಕಣ್ಣಿಗೆ ಬಿತ್ತು. ನಮ್ಮಲ್ಲಿ ಮಳೆ ರಜೆ ಎಂದರೆ ಮಕ್ಕಳು ಮನೆಯೊಳಗೆ. ಇಲ್ಲಿ ಹಿಮದ ರಜೆ ಎಂದರೆ ಮಕ್ಕಳು ಮನೆಯ ಹೊರಗೆ. ಏಳು ಗಂಟೆಗೆಲ್ಲ ಬೀದಿಯ ಹುಡುಗ ಹುಡುಗಿಯರು ಮೊಣಕಾಲುದ್ದದ ಹಿಮದಲ್ಲಿ ಹೊರಳಾಡುತ್ತಿದ್ದರು. ಎರಡು ತಿಂಗಳು ಶಾಲು ಹೊದ್ದು ಕಿಟಕಿಯ ಪಕ್ಕ ಕುಳಿತು ಪುಸ್ತಕ ಓದುವುದೆಂದು ತೀರ್ಮಾನಿಸಿ ಬಂದಿದ್ದ ನನ್ನನ್ನೂ ಎಬ್ಬಿಸಿದವರು ಅವರೇ.

ವರ್ಮಾಂಟ್ ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡಿರುವ ಪುಟ್ಟ ರಾಜ್ಯ. ನಮ್ಮ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಜಿಲ್ಲೆಗಳನ್ನು ಕೂಡಿಸಿದರೆ ಬರುವ ವಿಸ್ತೀರ್ಣಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ ಆರೂವರೆ ಲಕ್ಷದ ಆಸುಪಾಸು. ರಾಜಧಾನಿ ಮಾಂಟ್ಪೀಲಿಯರ್‌ನಲ್ಲಿ ಇರುವವರು ಸುಮಾರು ಎಂಟು ಸಾವಿರ ಜನ. ಅಮೆರಿಕದ ರಾಜ್ಯಗಳ ರಾಜಧಾನಿಗಳಲ್ಲೆಲ್ಲ ಅತಿ ಸಣ್ಣದು ಇದೇ. ಹಸಿರು ಬೆಟ್ಟ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು. ದನಕರು, ಹಾಲು, ಚೀಸ್, ಮೇಪಲ್ ಮರ, ಮರದ ಕೊಟ್ಟಿಗೆಗಳು, ಹಳ್ಳಿಗೊಂದು ಬಿಳಿಯ ಚರ್ಚು. ನ್ಯೂಯಾರ್ಕಿನ ಗಗನಚುಂಬಿಗಳನ್ನು ನೋಡಿ ಅದೇ ಅಮೆರಿಕ ಎಂದುಕೊಂಡವರಿಗೆ ಇದು ಬೇರೆಯೇ ದೇಶ. ಇರುವುದರಲ್ಲಿ ದೊಡ್ಡ ಊರು ಬರ್ಲಿಂಗ್ಟನ್. ಬಾಸ್ಟನ್ನಿನಿಂದ ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ.

ಬರ್ಲಿಂಗ್ಟನ್ನಿನಲ್ಲಿ ವರ್ಷಕ್ಕೆ ಸುಮಾರು ಎರಡು ಮೀಟರ್ ಹಿಮ ಬೀಳುತ್ತದೆ. ಬೆಟ್ಟಗಳ ಮೇಲೆ ಆರು ಮೀಟರಿಗೂ ಹೆಚ್ಚು. ಕೇಳಿ ಗಾಬರಿಯಾಗಬೇಡಿ. ಹತ್ತು ಅಂಗುಲ ಹಿಮ ಕರಗಿಸಿದರೆ ಸಿಗುವುದು ಸುಮಾರು ಒಂದು ಅಂಗುಲ ನೀರು. ಲೆಕ್ಕ ಹಾಕಿ ನೋಡಿದರೆ ಬರ್ಲಿಂಗ್ಟನ್ನಿನ ಇಡೀ ಚಳಿಗಾಲದ ಹಿಮ ನಮ್ಮ ಆಗುಂಬೆಯ ಒಂದೆರಡು ದಿನದ ಜಡಿಮಳೆಗೆ ಸಮ! ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು ನಂಬಲಿಲ್ಲ.

ಹೊರಗೆ ಹೋಗುವ ಮೊದಲು ಉಡುಪಿನ ಪಾಠ ಆಗಬೇಕು. ಆ ಪಾಠ ಮಾಡಿದವಳು ಸೊಸೆ. "ಮಾವ, ಹತ್ತಿ ಬಟ್ಟೆ ಬೇಡ. ಬೆವರಿಗೋ ಹಿಮಕ್ಕೋ ಒದ್ದೆಯಾದರೆ ಮೈ ಬಿಸಿಯನ್ನೆಲ್ಲ ಹೀರಿಬಿಡತ್ತೆ" ಎಂದಳು. ಮೈಗೆ ತಾಗಿದಂತೆ ತೆಳು ಉಣ್ಣೆಯದೊಂದು, ಅದರ ಮೇಲೆ ದಪ್ಪನೆಯದೊಂದು, ಎಲ್ಲಕ್ಕಿಂತ ಮೇಲೆ ಗಾಳಿ ನೀರು ಒಳಬಿಡದ್ದೊಂದು. ಒಂದೇ ದಪ್ಪ ಕೋಟಿಗಿಂತ ಈ ಮೂರು ಪದರ ಒಳ್ಳೆಯದು. ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು. ಮಕ್ಕಳ ಕೈಗೆ ಐದು ಬೆರಳಿನ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲದಂಥ ಗವಸು ಬೆಚ್ಚಗೆ. ಬೆರಳುಗಳು ಒಂದರ ಬಿಸಿಯಲ್ಲಿ ಇನ್ನೊಂದು ಬದುಕುತ್ತವೆ. ಮೂಗಿನ ತುದಿಯೋ ಕಿವಿಯೋ ಬಿಳಿಚಿಕೊಂಡು ಮರಗಟ್ಟಿದರೆ ತಿಕ್ಕಬಾರದು. ತಕ್ಷಣ ಒಳಗೆ ಬಂದು ನಿಧಾನವಾಗಿ ಬಿಸಿಯಾಗಲು ಬಿಡಬೇಕು. ಇದೆಲ್ಲ ಕೊಳ್ಳುವುದಕ್ಕೆ ದುಬಾರಿ ಎನ್ನುವುದು ನಿಜ. ಆದರೆ ಇಲ್ಲಿನ ಶಾಲೆಗಳಲ್ಲಿ ಹಿಮಗಾಲಕ್ಕೆ ಮೊದಲು ಹಳೆಯ ಬೂಟು, ಸ್ಕೀ ಹಲಗೆಗಳ ಮಾರಾಟ ನಡೆಯುತ್ತದೆ. ದೊಡ್ಡ ಹುಡುಗನಿಗೆ ಚಿಕ್ಕದಾದದ್ದು ಚಿಕ್ಕವನಿಗೆ ಹೋಗುತ್ತದೆ. ನನ್ನ ಮೊಮ್ಮಗನ ಬೂಟಿನೊಳಗೆ ಬೇರೆ ಮೂವರು ಹುಡುಗರ ಹೆಸರು ಬರೆದು ಹೊಡೆದುಹಾಕಿತ್ತು.

ಊರಿನ ಇಳಿಜಾರು ಗುಡ್ಡವೇ ಮಕ್ಕಳ ಮೊದಲ ಆಟದ ಬಯಲು. ಪ್ಲಾಸ್ಟಿಕ್ಕಿನ ಜಾರುಬಂಡಿ, ರಬ್ಬರಿನ ಟ್ಯೂಬು, ಏನೂ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆ. ಅಡಿಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಂಡ ನಮಗೆ ಇದನ್ನು ವಿವರಿಸಬೇಕಿಲ್ಲ. ಹಳೆಯ ರೈತರ ಮನೆಗಳಲ್ಲಿ ಜ್ಯಾಕ್ ಜಂಪರ್ ಎಂಬ ಒಂದು ವಿಚಿತ್ರ ವಾಹನವನ್ನೂ ನೋಡಿದೆ. ಒಂದೇ ಒಂದು ಸ್ಕೀ ಹಲಗೆ, ಅದರ ಮೇಲೊಂದು ಗೂಟ, ಗೂಟದ ಮೇಲೊಂದು ಮಣೆ. ಮಣೆಯ ಮೇಲೆ ಕುಳಿತು ಕಾಲೆತ್ತಿ ಸಮತೋಲ ಹಿಡಿದು ಗುಡ್ಡ ಇಳಿಯಬೇಕು. ನಾನು ಪ್ರಯತ್ನಿಸಲಿಲ್ಲ. ಮಗ ಪ್ರಯತ್ನಿಸಿದ, ಎರಡು ದಿನ ಕುರ್ಚಿಯ ಮೇಲೆ ಓರೆಯಾಗಿ ಕುಳಿತ.

ಇನ್ನು ಸ್ಕೀಯಿಂಗ್. 1934ರ ಜನವರಿಯಲ್ಲಿ ವರ್ಮಾಂಟಿನ ವುಡ್‌ಸ್ಟಾಕ್ ಎಂಬಲ್ಲಿ, ಗಿಲ್ಬರ್ಟ್ ಎಂಬ ರೈತನ ಹುಲ್ಲುಗಾವಲಿನ ಗುಡ್ಡದಲ್ಲಿ ಹಳೆಯ ಫೋರ್ಡ್ ಕಾರಿನ ಎಂಜಿನ್ನಿಗೆ ಉದ್ದನೆಯ ಹಗ್ಗ ಸುತ್ತಿ ಓಡಿಸಿದರು. ಹಗ್ಗ ಹಿಡಿದುಕೊಂಡರೆ ಸಾಕು, ಗುಡ್ಡದ ನೆತ್ತಿಗೆ ಎಳೆದೊಯ್ಯುತ್ತಿತ್ತು. ಅಮೆರಿಕದ ಮೊದಲ ಸ್ಕೀ ಹಗ್ಗ ಅದು. ದಿನಕ್ಕೆ ಒಂದು ಡಾಲರ್. ಇವತ್ತು ದೊಡ್ಡ ಸ್ಕೀ ತಾಣಗಳಲ್ಲಿ ಒಬ್ಬರಿಗೆ ಒಂದು ದಿನಕ್ಕೆ ನೂರು ಡಾಲರಿಗೂ ಮೇಲೆ. ನಾಲ್ಕು ಜನರ ಸಂಸಾರ, ಬಾಡಿಗೆ ಹಲಗೆ, ಊಟ ಎಲ್ಲ ಸೇರಿದರೆ ಲೆಕ್ಕ ಹಾಕದಿರುವುದೇ ಮೇಲು. ನೆಂಟರ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಬರುವ ನಮ್ಮವರು ನೇರವಾಗಿ ಇಂಥ ತಾಣಕ್ಕೆ ಹೋಗಿ, ಅರ್ಧ ದಿನ ಸರತಿಯಲ್ಲಿ ನಿಂತು, ಎರಡು ಸಲ ಬಿದ್ದು, ಫೋಟೋ ತೆಗೆಸಿಕೊಂಡು ಹಿಂತಿರುಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ದಂಡ.

ಬದಲಿಗೆ ಬರ್ಲಿಂಗ್ಟನ್ನಿನಿಂದ ಅರ್ಧ ಗಂಟೆ ದೂರದ ರಿಚ್ಮಂಡ್ ಎಂಬ ಹಳ್ಳಿಗೆ ಹೋಗಿ. ಅಲ್ಲಿ ಕಾಕ್ರನ್ ಎಂಬ ಸಂಸಾರದ ಗುಡ್ಡವಿದೆ. ಮಿಕಿ ಕಾಕ್ರನ್ ಎಂಜಿನಿಯರು. ಆತನೂ ಹೆಂಡತಿ ಜಿನ್ನಿಯೂ ನಾಲ್ಕು ಮಕ್ಕಳಿಗೆ ಸ್ಕೀ ಕಲಿಸಬೇಕೆಂದು 1961ರಲ್ಲಿ ತಮ್ಮ ಮನೆಯ ಹಿತ್ತಿಲಿನ ಗುಡ್ಡಕ್ಕೇ ಹಗ್ಗ ಕಟ್ಟಿದರು. ಊರ ಮಕ್ಕಳೂ ಬಂದರು, ಬೇಡವೆನ್ನಲಿಲ್ಲ. ಜಿನ್ನಿಯ ಅಡಿಗೆಮನೆಯೇ ಮಕ್ಕಳು ಮೈ ಬೆಚ್ಚಗೆ ಮಾಡಿಕೊಳ್ಳುವ ಜಾಗ. ಆ ಹಿತ್ತಿಲಿನಲ್ಲಿ ಕಲಿತ ನಾಲ್ಕೂ ಮಕ್ಕಳು ಅಮೆರಿಕದ ಸ್ಕೀ ತಂಡ ಸೇರಿದರು. ಬಾರ್ಬರಾ ಆನ್ 1972ರಲ್ಲಿ ಜಪಾನಿನ ಸಪ್ಪೊರೊ ಒಲಿಂಪಿಕ್ಸಿನಲ್ಲಿ ಸ್ಲಾಲಮ್ ಸ್ಪರ್ಧೆಯ ಚಿನ್ನ ಗೆದ್ದಳು. ಎರಡನೆಯವಳಿಗಿಂತ ಮುಂದಿದ್ದದ್ದು ಸೆಕೆಂಡಿನ ನೂರನೇ ಎರಡು ಭಾಗ ಮಾತ್ರ! ಐವತ್ತು ವರ್ಷದ ನಂತರ, 2022ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅವಳ ತಂಗಿಯ ಮಗ ರಯಾನ್ ಬೆಳ್ಳಿ ಗೆದ್ದ. ಅವನಿಗೆ ಚಿನ್ನ ತಪ್ಪಿದ್ದು ಸೆಕೆಂಡಿನ ನೂರನೇ ನಾಲ್ಕು ಭಾಗದಲ್ಲಿ. ದೊಡ್ಡಮ್ಮನಿಗೆ ಒಲಿದ ಗಡಿಯಾರ ಮಗನಿಗೆ ಒಲಿಯಲಿಲ್ಲ.

ಈಗ ಆ ಗುಡ್ಡ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿದೆ. ದುಡ್ಡಿಲ್ಲವೆಂದು ಯಾವ ಮಗುವನ್ನೂ ಹಿಂದೆ ಕಳಿಸಬಾರದು ಎಂಬುದು ಅದರ ನಿಯಮ. ನಾನು ನೋಡಿ ಮೆಚ್ಚಿದ್ದು ಒಲಿಂಪಿಕ್ಸ್ ಪದಕಗಳ ಕಥೆಯನ್ನಲ್ಲ. ಅಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿಗೆ ಸ್ಕೀ ಕಲಿಸುವವರು ತಂದೆ ತಾಯಿಯರೇ. ಕೂಸಿನ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಂದಿನಿಂದ ಹಿಡಿದುಕೊಂಡು ಇಳಿಯುತ್ತಾರೆ. ಕಲಿಸುವುದು ಹೇಗೆಂದು ಹಿರಿಯರಿಗೆ ತರಬೇತುದಾರರು ಹೇಳಿಕೊಡುತ್ತಾರೆ. ಸೊಸೆ ಮೊದಲ ದಿನ ಮಗನಿಗಿಂತ ಹೆಚ್ಚು ಸಲ ಬಿದ್ದಳು. ಮೊಮ್ಮಗ ತನ್ನ ಅಮ್ಮನ ಕೈ ಹಿಡಿದೆತ್ತಿ, "ಮಂಡಿ ಬಗ್ಗಿಸು ಅಮ್ಮಾ, ಹಿಂದಕ್ಕೆ ಒರಗಬೇಡ" ಎಂದು ಗದರಿದ. ಪರೀಕ್ಷೆಯ ಅಂಕಪಟ್ಟಿ ಹಿಡಿದು ಗದರುವ ಅಮ್ಮನನ್ನು ಗದರುವ ಅವಕಾಶ ಮಗುವಿಗೆ ಬೇರೆಲ್ಲಿ ಸಿಗುತ್ತದೆ?

ಅಲ್ಲಿಂದ ಹತ್ತಿರದಲ್ಲೇ ಜೆರಿಕೊ ಎಂಬ ಊರು. ಅಲ್ಲಿ ನಡೆದ ಕಥೆಯನ್ನು ನಮ್ಮ ಪ್ರತಿ ಶಾಲೆಯಲ್ಲೂ ಹೇಳಬೇಕೆಂದು ನನಗೆ ಅನಿಸಿದೆ. ವಿಲ್ಸನ್ ಬೆಂಟ್ಲಿ 1865ರಲ್ಲಿ ಹುಟ್ಟಿದ ರೈತನ ಮಗ. ಅವನ ತಾಯಿ ಮದುವೆಗೆ ಮೊದಲು ಶಾಲೆಯ ಉಪಾಧ್ಯಾಯಿನಿ. ಹದಿನಾಲ್ಕು ವರ್ಷದವರೆಗೆ ಮಗನಿಗೆ ಮನೆಯಲ್ಲೇ ಪಾಠ ಹೇಳಿದಳು. ಹದಿನೈದನೇ ಹುಟ್ಟುಹಬ್ಬಕ್ಕೆ ತನ್ನ ಹಳೆಯ ಸೂಕ್ಷ್ಮದರ್ಶಕವನ್ನು ಕೊಟ್ಟಳು. ಹುಡುಗ ಅದರಡಿ ಹಿಮದ ಹಳುಕು ಇಟ್ಟು ನೋಡಿದ. ಮರುಳಾದ. ಚಿತ್ರ ಬರೆಯಲು ಕುಳಿತರೆ ಮುಗಿಯುವಷ್ಟರಲ್ಲಿ ಹಳುಕು ಕರಗಿ ನೀರು. ಕ್ಯಾಮೆರಾ ಬೇಕೆಂದ. ಸೂಕ್ಷ್ಮದರ್ಶಕ, ಕ್ಯಾಮೆರಾ ಸೇರಿ ಸುಮಾರು ನೂರು ಡಾಲರ್. ದನ ಕಟ್ಟಿ ಹಾಲು ಮಾರುವ ಅಪ್ಪನಿಗೆ ಅದು ದೊಡ್ಡ ಮೊತ್ತ. ಹಿಮದ ಫೋಟೋ ತೆಗೆಯುವುದು ಹುಚ್ಚು ಎಂದೇ ಆತನ ನಂಬಿಕೆ. ಆದರೂ ಕೊಡಿಸಿದ. ಸೋಲುತ್ತ ಸೋಲುತ್ತ ಕಡೆಗೆ 1885ರ ಜನವರಿ 15ರಂದು, ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದೇ ಹಿಮಸ್ಫಟಿಕದ ಫೋಟೋ ತೆಗೆದ. ಅದು ಅವನ ಮೊದಲ ಗೆಲುವು.

ಮುಂದಿನ ನಲವತ್ತಾರು ವರ್ಷ, ದನ ಮೇಯಿಸುತ್ತಲೇ, ಬೆಂಕಿಯಿಲ್ಲದ ಕೊರೆಯುವ ಕೊಟ್ಟಿಗೆಯಲ್ಲಿ ನಿಂತು, ತನ್ನ ಉಸಿರು ತಾಗಿ ಹಳುಕು ಕರಗೀತೆಂದು ಉಸಿರು ಬಿಗಿಹಿಡಿದು ಐದು ಸಾವಿರಕ್ಕೂ ಹೆಚ್ಚು ಫೋಟೋ ತೆಗೆದ. ಅವುಗಳಲ್ಲಿ ಎರಡು ಸಾವಿರಕ್ಕೂ ಮೀರಿದ ಚಿತ್ರಗಳ ಪುಸ್ತಕ 1931ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಹಿಮಗಾಳಿಯಲ್ಲಿ ನಡೆದು ಮನೆಗೆ ಬಂದವನು ನ್ಯುಮೋನಿಯಾ ಹಿಡಿದು ತೀರಿಕೊಂಡ. ಜೆರಿಕೊದ ಹಳೆಯ ಕೆಂಪು ಗಿರಣಿಯ ಕಟ್ಟಡದಲ್ಲಿ ಅವನ ಚಿತ್ರಗಳನ್ನು ಇಟ್ಟಿದ್ದಾರೆ.

ನೋಡಿಕೊಂಡು ಬಂದ ರಾತ್ರಿ ನಾವೂ ಪ್ರಯತ್ನಿಸಿದೆವು. ಬೇಕಾದದ್ದು ಒಂದು ಭೂತಗನ್ನಡಿ, ಒಂದು ಕಪ್ಪು ಬಟ್ಟೆ. ನಾನು ಊರಿನಿಂದ ಒಯ್ದು ಎಲ್ಲರ ನಗೆಗೆ ಗುರಿಯಾಗಿದ್ದ ಕರಿಕಂಬಳಿ ಕಡೆಗೂ ಕೆಲಸಕ್ಕೆ ಬಂತು. ಕಂಬಳಿಯನ್ನೂ ಗನ್ನಡಿಯನ್ನೂ ಅರ್ಧ ಗಂಟೆ ಹೊರಗಿಟ್ಟು ತಣ್ಣಗಾಗಲು ಬಿಡಬೇಕು, ಇಲ್ಲದಿದ್ದರೆ ಹಳುಕು ಮುಟ್ಟಿದೊಡನೆ ಮಾಯ. ಕಂಬಳಿಯ ಕೂದಲ ಮೇಲೆ ಹಗುರಾಗಿ ಬಂದು ಕೂತ ನಕ್ಷತ್ರಗಳಿಗೆ ಎಲ್ಲಕ್ಕೂ ಆರೇ ಕೈ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಷಟ್ಕೋನದಲ್ಲಿ ಜೋಡಿಸಿಕೊಳ್ಳುವುದೇ ಇದಕ್ಕೆ ಕಾರಣ. ಮೋಡದಲ್ಲಿ ಸುಮಾರು ಮೈನಸ್ 15 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗರಿಗರಿಯಾದ ನಕ್ಷತ್ರ, ಮೈನಸ್ 5ರ ಆಸುಪಾಸಿನಲ್ಲಿ ಸೂಜಿ. ಮೊಮ್ಮಗ ಒಂದು ನೋಟುಪುಸ್ತಕ ಮಾಡಿ ದಿನವೂ ತಾಪಮಾನ ಬರೆದು ಪಕ್ಕದಲ್ಲಿ ಹಳುಕಿನ ಚಿತ್ರ ಬರೆಯಲು ಆರಂಭಿಸಿದ. ಹನ್ನೆರಡು ದಿನ ನಡೆಯಿತು. ಬೆಂಟ್ಲಿ ನಲವತ್ತಾರು ವರ್ಷ ನಡೆಸಿದ್ದು ಎಂಥ ಕೆಲಸವೆಂದು ಆಗ ಅರ್ಥವಾಯಿತು.

ಹಿಮದ ಮೇಲೆ ನಡೆಯಲು ತಟ್ಟೆಯಂಥ ಅಗಲವಾದ ಸ್ನೋಷೂ ಕಟ್ಟಿಕೊಳ್ಳುತ್ತಾರೆ. ಭಾರ ಹಂಚಿಹೋಗಿ ಕಾಲು ಹೂತುಕೊಳ್ಳುವುದಿಲ್ಲ. ವರ್ಮಾಂಟಿನ ಎಷ್ಟೋ ಗ್ರಂಥಾಲಯಗಳಲ್ಲಿ ಪುಸ್ತಕದ ಹಾಗೆಯೇ ಇವನ್ನೂ ಎರವಲು ಕೊಡುತ್ತಾರೆ. ಹೊಸ ಹಿಮ ಬಿದ್ದ ಮರುದಿನ ಬೆಳಿಗ್ಗೆ ಕಾಡಂಚಿಗೆ ಹೋದರೆ ರಾತ್ರಿಯ ಸಂಚಾರವೆಲ್ಲ ಬರೆದಿಟ್ಟ ಹಾಗೆ. ನರಿಯ ಹೆಜ್ಜೆ ದಾರ ಎಳೆದಂತೆ ಒಂದೇ ಸಾಲು. ಚಳಿಗಾಲಕ್ಕೆ ಬಿಳಿಯಾಗುವ ಇಲ್ಲಿನ ಮೊಲದ ಹೆಜ್ಜೆಯಲ್ಲಿ ಹಿಂಗಾಲೇ ಮುಂದೆ. ಒಂದು ಕಡೆ ಇಲಿಯ ಹೆಜ್ಜೆಯ ಸಾಲು ಹಠಾತ್ತನೆ ನಿಂತಿತ್ತು. ಎರಡು ಪಕ್ಕ ರೆಕ್ಕೆ ಬಡಿದ ಗುರುತು. ಗೂಬೆ ಇರಬೇಕು. ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ.

ಈಗ ಕೆರೆಯ ಮಾತು. ವರ್ಮಾಂಟಿನಲ್ಲಿ ಜನವರಿಯ ಕೊನೆಯ ಶನಿವಾರ ಲೈಸೆನ್ಸ್ ಇಲ್ಲದೆಯೇ ಯಾರು ಬೇಕಾದರೂ ಹೆಪ್ಪುಗಟ್ಟಿದ ನೀರಿನಲ್ಲಿ ಮೀನು ಹಿಡಿಯಬಹುದು. ಮಂಜಿನ ಮೇಲೆ ಮಕ್ಕಳ ಜಾತ್ರೆಯೇ ನೆರೆಯುತ್ತದೆ. ನಾವು ಶುದ್ಧ ಸಸ್ಯಾಹಾರಿಗಳು. ಆದರೆ ತರಗತಿಯ ಅರ್ಧ ಮಕ್ಕಳು ಹೋಗುತ್ತಾರೆಂದು ಮೊಮ್ಮಗ ಹದಿನೈದು ದಿನದಿಂದ ಬೆನ್ನು ಹತ್ತಿದ್ದ. ಪಕ್ಕದ ಮನೆಯ ಹಿರಿಯರು, ಎಪ್ಪತ್ತು ದಾಟಿದ ಹಳೆಯ ಹೈನುಗಾರರು, ತಾವೇ ಕರೆದೊಯ್ಯುತ್ತೇನೆಂದರು. ಜಾತ್ರೆಯ ಗದ್ದಲ ಬೇಡ, ಚಾಂಪ್ಲೇನ್ ಸರೋವರದ ತಮ್ಮ ಪರಿಚಯದ ಒಂದು ಕೊಲ್ಲಿಗೆ ಹೋಗೋಣ ಎಂದರು. ಇನ್ನೂರು ಕಿಲೋಮೀಟರಿಗೆ ಸಮೀಪ ಉದ್ದದ ಸರೋವರ ಅದು. ಹತ್ತೊಂಬತ್ತನೇ ಶತಮಾನದಲ್ಲಿ ಬಹುಮಟ್ಟಿಗೆ ಪ್ರತಿ ಚಳಿಗಾಲವೂ ದಡದಿಂದ ದಡಕ್ಕೆ ಹೆಪ್ಪುಗಟ್ಟುತ್ತಿತ್ತು. ಈಚಿನ ದಶಕಗಳಲ್ಲಿ ಹಾಗೆ ಪೂರ್ತಿ ಹೆಪ್ಪುಗಟ್ಟುವ ವರ್ಷವೇ ಅಪರೂಪ.

ಹಿರಿಯರು ಮುಂದೆ, ನಾವು ಹಿಂದೆ, ಒಬ್ಬರಿಗೊಬ್ಬರು ಹತ್ತು ಹೆಜ್ಜೆ ದೂರ. ಅವರ ಕೈಯಲ್ಲಿ ನಮ್ಮ ಹಾರೆಯಂಥದೇ ಉದ್ದ ಕಬ್ಬಿಣ. ಪ್ರತಿ ಹೆಜ್ಜೆಗೂ ಮುಂದಕ್ಕೆ ಕುಟ್ಟಿ ಸದ್ದು ಕೇಳುವುದು, ಆಮೇಲೆ ಕಾಲಿಡುವುದು. ಕೊರಳಿಗೆ ಹಗ್ಗದಲ್ಲಿ ಎರಡು ಮರದ ಹಿಡಿಗಳು, ತುದಿಯಲ್ಲಿ ಮೊಳೆ. ನಮಗೂ ಹಾಕಿಸಿದ್ದರು. ನೀರಿಗೆ ಬಿದ್ದರೆ ಬಂದ ದಾರಿಗೇ ತಿರುಗಿ, ಆ ಮೊಳೆಗಳನ್ನು ಮಂಜಿಗೆ ಚುಚ್ಚಿ, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಮೇಲಕ್ಕೆ ಜಾರಬೇಕು. ಎದ್ದು ನಿಲ್ಲಬಾರದು, ಉರುಳಿಕೊಂಡು ದೂರ ಹೋಗಬೇಕು. ಮೊಮ್ಮಗನಿಗೆ ಮೂರು ಸಲ ಬಾಯಿಪಾಠ ಹೇಳಿಸಿದರು.

ದಡದ ಹತ್ತಿರ ಬೈರಿಗೆಯಿಂದ ತೂತು ಕೊರೆದು ಅಳತೆಕೋಲು ಇಳಿಬಿಟ್ಟರು. ಐದು ಅಂಗುಲ. "ನಡೆಯುವುದಕ್ಕೆ ನಾಲ್ಕು ಅಂಗುಲ ಗಟ್ಟಿ ಮಂಜು ಬೇಕು. ಕಪ್ಪಗೆ ಪಾರದರ್ಶಕವಾಗಿದ್ದರೆ ಗಟ್ಟಿ. ಬೆಳ್ಳಗಿದ್ದರೆ ಅದರ ಶಕ್ತಿ ಅರ್ಧ. ಬೂದು ಬಣ್ಣವಾದರೆ ಮನೆಗೆ ಹೋಗು" ಎಂದು ಹುಡುಗನಿಗೆ ಹೇಳಿದರು. ಮೂವತ್ತು ಹೆಜ್ಜೆ ಆಚೆ ಇನ್ನೊಂದು ತೂತು: ನಾಲ್ಕೂಕಾಲು. ಇನ್ನೂ ಮುಂದೆ, ಒಂದು ತೊರೆ ಬಂದು ಸೇರುವ ಕಡೆ, ಹಾರೆ ಎರಡನೇ ಏಟಿಗೇ ತಳ ಮುಟ್ಟಿ ನೀರು ಚಿಮ್ಮಿತು. ಹಿರಿಯರು ಕೈ ಎತ್ತಿದರು. ಯಾರೂ ಅಲುಗಾಡಲಿಲ್ಲ. ನಾವು ಬಂದ ಹೆಜ್ಜೆಯ ಮೇಲೇ ಹಿಂದಿರುಗಿದೆವು.

ಹುಡುಗ ಗೊಳೋ ಎಂದು ಅತ್ತ. ದೂರದಲ್ಲಿ ಇನ್ನೂ ಮೂರು ನಾಲ್ಕು ಜನ ಮಂಜಿನ ಮೇಲೆ ಕುಳಿತಿದ್ದರು. "ಅವರೆಲ್ಲ ಇದ್ದಾರಲ್ಲ, ನಮಗ್ಯಾಕಿಲ್ಲ?" ಎಂದ. ನನ್ನ ಮಗನ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಹಿರಿಯರು ಬೈರಿಗೆ ಒರೆಸುತ್ತ, "ಅವರು ಯಾವ ದಾರಿಯಲ್ಲಿ ಹೋದರೋ ನನಗೆ ಗೊತ್ತಿಲ್ಲ. ಅಳೆಯದೆ ಇನ್ನೊಬ್ಬರ ಹಿಂದೆ ಹೋಗುವುದಿಲ್ಲ" ಎಂದರು. ನಂತರ ಕಾರಿನಲ್ಲಿ, ಹುಡುಗ ನಿದ್ದೆ ಹೋದ ಮೇಲೆ, 2023ರ ಫೆಬ್ರುವರಿಯಲ್ಲಿ ಇದೇ ಸರೋವರದ ಮಂಜು ಒಡೆದು ಮೂವರು ಮೀನು ಹಿಡಿಯುವವರು ಸತ್ತ ಸಂಗತಿ ಹೇಳಿದರು. ಮೂವರೂ ಅರವತ್ತು ದಾಟಿದವರು. ಆ ವರ್ಷ ಚಳಿಯೇ ಸರಿಯಾಗಿ ಬಿದ್ದಿರಲಿಲ್ಲ. "ನಮ್ಮಪ್ಪ ನನಗೆ ಇದೇ ಕೊಲ್ಲಿಯಲ್ಲಿ, ಇದೇ ವಾರದಲ್ಲಿ ಕಲಿಸಿದ್ದು. ಆಗ ಇದರ ಮೇಲೆ ಟ್ರಕ್ ಓಡಿಸುತ್ತಿದ್ದರು" ಎಂದು ಹೇಳಿ ಸುಮ್ಮನಾದರು. ಅವರಪ್ಪ ಕಲಿಸಿದ ದಿನಗಣನೆ ಈಗ ಉಪಯೋಗವಿಲ್ಲ. ಹಾರೆ, ಬೈರಿಗೆ, ಅಳತೆಕೋಲು ಮಾತ್ರ ಉಳಿದಿವೆ.

ಎರಡು ವಾರ ಕಳೆದು ಒಳನಾಡಿನ ಒಂದು ಸಣ್ಣ ಕೆರೆಗೆ ಕರೆದೊಯ್ದರು. ಅಲ್ಲಿ ಅಳತೆಕೋಲು ಒಂದಡಿ ತೋರಿಸಿತು. ಬೈರಿಗೆ ತಿರುಗಿಸಲು ಹುಡುಗನಿಗೇ ಬಿಟ್ಟರು. ತೂತಿನ ಮೇಲೆ ಅಡ್ಡ ಕಡ್ಡಿ, ಅದಕ್ಕೆ ಬಾಗಿಸಿ ಸಿಕ್ಕಿಸಿದ ಪುಟ್ಟ ಕೆಂಪು ಬಾವುಟ. ಮೀನು ಗಾಳ ಎಳೆದರೆ ಬಾವುಟ ಟಪ್ಪನೆ ನೆಟ್ಟಗೆ ನಿಲ್ಲುತ್ತದೆ. ಕೆಲವರು ಮರದ ಪುಟ್ಟ ಗುಡಿಸಲುಗಳನ್ನೇ ಎಳೆದು ತಂದು ಒಳಗೆ ಒಲೆ ಹೊತ್ತಿಸಿದ್ದರು. ಗುಡಿಸಲಿನ ಮೇಲೆ ಯಜಮಾನನ ಹೆಸರು ವಿಳಾಸ ಬರೆದಿರಲೇಬೇಕು, ಮಾರ್ಚಿ ಕೊನೆಯ ಭಾನುವಾರಕ್ಕೆ ಮೊದಲು ತೆಗೆಯಲೇಬೇಕು ಎಂದು ಸರ್ಕಾರದ ಕಾನೂನು. ಇಡೀ ಕೆರೆ ಆಗಾಗ ದೊಡ್ಡದಾಗಿ ಗುಡುಗಿತು. ನಾನು ಬೆಚ್ಚಿಬಿದ್ದೆ. ಮಂಜು ಹಿಗ್ಗುವ ಕುಗ್ಗುವ ಸದ್ದಂತೆ. ಸದ್ದು ಮಾಡುವ ಮಂಜಿಗೆ ಹೆದರಬೇಕಿಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ಬಾವುಟ ಎದ್ದಿತು. ಅಂಗೈಯುದ್ದದ ಹಳದಿ ಪಟ್ಟೆಯ ಮೀನು. ಹುಡುಗ ಎರಡೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ, ಹಿರಿಯರ ಮುಖ ನೋಡಿದ, ತೂತಿನೊಳಕ್ಕೇ ಬಿಟ್ಟ. ಯಾರೂ ಏನೂ ಹೇಳಲಿಲ್ಲ. ಚಿತ್ರಾನ್ನದ ಡಬ್ಬಿ ತೆರೆದೆವು. ಹಿರಿಯರು ಎರಡು ಸಲ ಹಾಕಿಸಿಕೊಂಡರು.

ಮಾರ್ಚಿಯಲ್ಲಿ ಹಿಮ ಕೊಳೆಯತೊಡಗುತ್ತದೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು. ಹಾಗಾದಾಗ ಮೇಪಲ್ ಮರದೊಳಗೆ ರಸ ಏರಿಳಿಯುತ್ತದೆ. ಕಾಂಡಕ್ಕೆ ಸಣ್ಣ ತೂತು ಕೊರೆದು ನಳಿಗೆ ಇಟ್ಟರೆ ತೊಟ್ಟಿಕ್ಕುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನ ಮಾಡುತ್ತಿದ್ದ ಕೆಲಸ ಇದು. ಯುರೋಪಿನಿಂದ ಬಂದವರು ಅವರಿಂದ ಕಲಿತರು. ಸಸಿ ನೆಟ್ಟು ನಳಿಗೆ ಇಡುವಷ್ಟು ದಪ್ಪವಾಗಲು ಸುಮಾರು ನಲವತ್ತು ವರ್ಷ. ನೆಟ್ಟವನಿಗಲ್ಲ, ಅವನ ಮಕ್ಕಳಿಗೆ. ಹಿಂದೆ ಮರ ಮರಕ್ಕೂ ಬಕೆಟ್ಟು ನೇತುಹಾಕಿ ಜಾರುಬಂಡಿಯಲ್ಲಿ ರಸ ಹೊತ್ತು ತರುತ್ತಿದ್ದರು. ಈಗ ಕಾಡಿನ ತುಂಬ ಪ್ಲಾಸ್ಟಿಕ್ ಕೊಳವೆ. ಅಮೆರಿಕದ ಮೇಪಲ್ ಪಾಕದಲ್ಲಿ ಅರ್ಧದಷ್ಟು ಬರುವುದು ಈ ಪುಟ್ಟ ರಾಜ್ಯದಿಂದಲೇ.

ಮಾರ್ಚಿಯ ಒಂದು ವಾರಾಂತ್ಯ ಪಾಕ ಕಾಯಿಸುವ ಮನೆಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ನಾವು ಹೋದದ್ದು ಪೂರ್ವದ ಡ್ಯಾನ್ವಿಲ್ ಊರಿನ ಕಡೆಗೆ. ಮೇಪಲ್ ಮರಗಳ ನಡುವೆ ಮರದ ಹಲಗೆಯ ಮನೆ, ಮಾಡಿನ ನೆತ್ತಿ ಸೀಳಿ ಆವಿ ಏಳುತ್ತಿತ್ತು. ಒಳಗೆ ಕಾಲಿಟ್ಟವನು ಹಾಗೆಯೇ ನಿಂತೆ. ಅದು ಆಲೆಮನೆ! ಉದ್ದನೆಯ ತಟ್ಟೆ ಕೊಪ್ಪರಿಗೆ, ಕೆಳಗೆ ಸೌದೆ ಉರಿ, ನೊರೆ, ಸಿಹಿ ಹಬೆ, ಕಣ್ಣು ಕೆಂಪಾದ ಯಜಮಾನ, ಕಾಲಿಗೆ ತೊಡರುವ ಮಕ್ಕಳು. ಕೋಣ, ಗಾಣ ಇಲ್ಲ ಅಷ್ಟೆ. ಹದ ನೋಡುವ ರೀತಿಯೂ ನಮ್ಮದೇ: ಸೌಟು ಎತ್ತಿ, ಅಂಚಿನಿಂದ ಹನಿ ಹನಿಯಾಗಿ ಬೀಳದೆ ಪರದೆಯಂತೆ ಇಳಿದರೆ ಪಾಕ ಸಿದ್ಧ. ನಲವತ್ತು ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ. ಕಬ್ಬಿನ ಹಾಲಿನಲ್ಲಿ ನಮಗೆ ಇಷ್ಟು ಕಷ್ಟವಿಲ್ಲ ಎಂದು ಯಜಮಾನನಿಗೆ ಹೇಳಿದೆ. ಅವನು ಗಾಣದ ವಿಷಯವನ್ನು ಹದಿನೈದು ನಿಮಿಷ ಕೇಳಿಸಿಕೊಂಡ. ನಡುವೆ ಕೊಪ್ಪರಿಗೆ ಉಕ್ಕಿತು.

ಆಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಅಂಗಳದ ಶುಭ್ರ ಹಿಮ ತುಂಬಿದ ಬಟ್ಟಲು ಕೊಟ್ಟರು. ಅದರ ಮೇಲೆ ಇನ್ನೂ ಸ್ವಲ್ಪ ಕಾಯಿಸಿದ ಬಿಸಿ ಪಾಕ ಸುರಿದೊಡನೆ ಅಂಟಂಟಾಗಿ ಗಟ್ಟಿಯಾಯಿತು. ಕಡ್ಡಿಗೆ ಸುತ್ತಿ ತಿನ್ನುವುದು. ಸಿಹಿ ಮೊಗಚಿದರೆ ಎಂದು ಜೊತೆಗೊಂದು ಕರಿದ ವಡೆಯಂಥ ಡೋನಟ್ಟು, ಒಂದು ಹುಳಿ ಉಪ್ಪಿನ ಸೌತೆಕಾಯಿ! ಕಬ್ಬಿನ ಹಾಲಿಗೆ ಮಂಡಕ್ಕಿ, ಮಿರ್ಚಿ, ಉಪ್ಪಿನಕಾಯಿ ಇಟ್ಟುಕೊಂಡು ರಾತ್ರಿ ಕಳೆದ ನನಗೆ ಹೇಳಿಕೊಡಬೇಕಾಗಲಿಲ್ಲ. ಮೊದಲೆಲ್ಲ ಇಲ್ಲಿ ಮಾರ್ಚಿಯ ಮೊದಲ ಮಂಗಳವಾರ, ಊರ ಸಭೆಯ ದಿನ, ಮರಗಳಿಗೆ ನಳಿಗೆ ಇಡುತ್ತಿದ್ದರಂತೆ. ಈಗ ಫೆಬ್ರುವರಿಯಲ್ಲೇ ಶುರು. ಮರ ಚಿಗುರೊಡೆದರೆ ರಸದ ರುಚಿ ಕೆಡುತ್ತದೆ. ಚಿಗುರು ಯಾವಾಗ ಎಂದು ಹೇಳುವ ಧೈರ್ಯ ಯಜಮಾನನಿಗೆ ಇರಲಿಲ್ಲ.

ಹಿಂದಿರುಗುವ ದಾರಿಯಲ್ಲೇ ವೆಸ್ಟ್ ಡ್ಯಾನ್ವಿಲ್ಲಿನ ಜೋಸ್ ಪಾಂಡ್ ಎಂಬ ಕೆರೆ. ಇಲ್ಲಿನವರು 1988ರಿಂದ ಒಂದು ಪಂದ್ಯ ನಡೆಸುತ್ತಾರೆ. ಮಂಜಿನ ಮೇಲೆ ಒಂದು ಸಿಮೆಂಟ್ ಇಟ್ಟಿಗೆ ಇಟ್ಟು ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ದಡದ ಮನೆಯೊಂದರಲ್ಲಿರುವ ವಿದ್ಯುತ್ ಗಡಿಯಾರಕ್ಕೆ ಜೋಡಿಸುತ್ತಾರೆ. ಮಂಜು ಕರಗಿ ಇಟ್ಟಿಗೆ ಮುಳುಗಿದಾಗ ಹಗ್ಗ ಎಳೆದು ಗಡಿಯಾರ ನಿಲ್ಲುತ್ತದೆ. ಆ ದಿನ, ಗಂಟೆ, ನಿಮಿಷವನ್ನು ಮುಂಚಿತವಾಗಿ ಸರಿಯಾಗಿ ಊಹಿಸಿದವರಿಗೆ ಬಹುಮಾನ. ಉಳಿದ ಹಣ ಜುಲೈ ತಿಂಗಳ ಬಾಣಬಿರುಸಿಗೆ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಕೆಲವೊಮ್ಮೆ ಮೇ ಮೊದಲ ವಾರದಲ್ಲಿ ಗಡಿಯಾರ ನಿಲ್ಲುತ್ತದೆ.

ಟಿಕೆಟ್ ಕೊಂಡೆವು. ನಮ್ಮ ಜೊತೆ ಬಂದಿದ್ದ ಹಿರಿಯರನ್ನು ಮೊಮ್ಮಗ ಕೇಳಿದ. "ನಮ್ಮಪ್ಪನಾಗಿದ್ದರೆ ಮೇ ಒಂದು ಎಂದು ಬರೆಯುತ್ತಿದ್ದ" ಎಂದರು ಅವರು. "ನೀವು?" ಎಂದ. ಅವರು ಕೆರೆಯ ಕಡೆ ನೋಡಿ, ಏಪ್ರಿಲ್ ಇಪ್ಪತ್ತು ಎಂದರು. ಹುಡುಗ ಪೆನ್ನು ಹಿಡಿದು ಯೋಚಿಸಿದ. ನಾನು ಅವನ ಭುಜದ ಮೇಲಿಂದ ಇಣುಕಿದೆ. ಮೇ ಒಂದು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ ಎಂದು ದಪ್ಪ ಅಕ್ಷರದಲ್ಲಿ ಬರೆದು, ಹಿರಿಯರ ಕೈಗೆ ಕೊಟ್ಟ.